ರವೆ, ತೊಲೆ ಮತ್ತು ಗಂಜಾಮಿನ ದೊಡ್ಡಸ್ವಾಮಿ

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯಲ್ಲಿ ನೊಣ ಹುಡುಕಿದನಂತೆ ಎಂಬ ಗಾದೆ ಮಂಡ್ಯ ಸೀಮೆಯಲ್ಲಿ ಈಗಲೂ ಬಳಕೆಯಲ್ಲಿದೆ. ನಮ್ಮಲ್ಲಿ ಪಂಕ್ತಿಯೂಟದಿಂದ ಹುಟ್ಟಿದ ಈ ಮಾತು ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ ಬಡಗಿಯ ಕೊಟ್ಟಿಗೆಯಿಂದ ಎದ್ದು ಬಂದಿದೆ. ಮತ್ತಾಯನ ಸುವಾರ್ತೆಯ 7ನೆಯ ಅಧ್ಯಾಯದ ಮೊದಲ ಐದು ವಚನಗಳಲ್ಲಿ ಯೇಸು ಕೊಡುವ ಚಿತ್ರ ಇದು: ಸೋದರನ ಕಣ್ಣಿಗೆ ಬಿದ್ದ ರವೆಯನ್ನು ತೆಗೆಯಲು ಒಬ್ಬ ಮುಂದೆ ಬರುತ್ತಾನೆ, ಅವನ ಕಣ್ಣಲ್ಲೇ ಒಂದು ತೊಲೆ ಇದೆ. ತೊಲೆ ಎಂದರೆ ಮಾಡಿನ ಭಾರ ಹೊರುವ ಮರ. ಹಳೆಯ ತೊಟ್ಟಿಮನೆಯಲ್ಲಿ ಕತ್ತೆತ್ತಿದರೆ ಕಾಣುವಂಥದ್ದು, ನಾಲ್ಕು ಆಳು ಹೊತ್ತು ತರುವಂಥದ್ದು. ಅದು ಕಣ್ಣಲ್ಲಿ ಹಿಡಿಯುವ ವಸ್ತುವಲ್ಲ. ಕೇಳಿದವರು ನಕ್ಕಿರಬೇಕು, ನಗಲೆಂದೇ ಹೇಳಿದ ಮಾತದು.

ಈ ಬೋಧನೆಯನ್ನು ‘ಯಾರ ಬಗ್ಗೆಯೂ ಏನೂ ಅನ್ನಬಾರದು’ ಎಂದು ಅರ್ಥಮಾಡಿಕೊಂಡವರೇ ಹೆಚ್ಚು. ಸುವಾರ್ತೆಯಲ್ಲಿ ಹಾಗಿಲ್ಲ. ತೊಲೆ ತೆಗೆದುಕೊಂಡ ಮೇಲೆ ರವೆಯನ್ನೂ ತೆಗೆಯಬೇಕು, ರವೆ ಅಲ್ಲೇ ಇರಲಿ ಎಂದು ಬಿಟ್ಟಿಲ್ಲ. ಅದೇ ಅಧ್ಯಾಯದಲ್ಲಿ ಮುಂದೆ ಸುಳ್ಳು ಪ್ರವಾದಿಗಳನ್ನು ಅವರ ಫಲ ನೋಡಿ ಗುರುತಿಸಬೇಕೆಂಬ ಎಚ್ಚರಿಕೆಯೂ ಇದೆ. ಯೋಹಾನನ ಸುವಾರ್ತೆಯ 7ನೆಯ ಅಧ್ಯಾಯ ಹೊರತೋರಿಕೆಯ ಮೇಲೆ ಕೊಟ್ಟ ತೀರ್ಪಿಗೂ ನ್ಯಾಯವಾದ ತೀರ್ಪಿಗೂ ಗೆರೆ ಎಳೆಯುತ್ತದೆ. ಮತ್ತಾಯನ 18ನೆಯ ಅಧ್ಯಾಯದಲ್ಲಂತೂ ತಪ್ಪು ಮಾಡಿದವನನ್ನು ತಿದ್ದುವ ಕ್ರಮವೇ ಇದೆ. ಮೊದಲು ಅವನೊಬ್ಬನನ್ನೇ ಕಂಡು ಹೇಳಬೇಕು, ಕೇಳದಿದ್ದರೆ ಇನ್ನೂ ಒಬ್ಬಿಬ್ಬರನ್ನು ಕರೆದೊಯ್ಯಬೇಕು, ಅದಕ್ಕೂ ಬಗ್ಗದಿದ್ದರೆ ಮಾತ್ರ ಸಭೆಯ ಮುಂದಿಡಬೇಕು. ಊರಿನ ಅರಳಿಕಟ್ಟೆಯ ರೂಢಿ ಇದಕ್ಕೆ ತಿರುಗುಮುರುಗು: ಸುದ್ದಿ ಮೊದಲು ಕಟ್ಟೆಗೆ ಬರುತ್ತದೆ, ಆಮೇಲೆ ನಾಲ್ಕು ಮನೆಗೆ ಹೋಗುತ್ತದೆ, ಸಂಬಂಧಪಟ್ಟವನ ಕಿವಿಗೆ ಎಲ್ಲರಿಗಿಂತ ಕೊನೆಗೆ ಬೀಳುತ್ತದೆ.

ತೀರ್ಪಿನ ಜೊತೆಗೆ ಅಳತೆಯ ಮಾತೂ ಬರುತ್ತದೆ. ಬೇರೆಯವರಿಗೆ ಯಾವ ಕೊಳಗದಲ್ಲಿ ಅಳೆಯುತ್ತೀರೋ ಅದೇ ಕೊಳಗದಲ್ಲಿ ನಿಮಗೂ ಅಳತೆ ಎಂಬುದು ಅದರ ಸಾರ. ಕಣದಲ್ಲಿ ರಾಶಿ ಅಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳ್ಳುವಾಗ ಒಂದು ಸೇರು, ಕೊಡುವಾಗ ಇನ್ನೊಂದು ಸೇರು ಇಟ್ಟುಕೊಂಡವನನ್ನು ಹಳ್ಳಿಯವರು ಒಂದೇ ಸುಗ್ಗಿಯಲ್ಲಿ ಗುರುತಿಸುತ್ತಾರೆ.

ಇನ್ನು ಕಪಟ. ಕನ್ನಡ ಬೈಬಲ್ಲು ‘ಕಪಟಿ’ ಎಂದು ಕರೆಯುವವನಿಗೆ ಗ್ರೀಕ್ ಮೂಲದಲ್ಲಿರುವ ಹೆಸರು ‘ಹುಪೊಕ್ರಿತೇಸ್’. ರಂಗದ ಮೇಲೆ ಪಾತ್ರ ಮಾಡುವವನು, ನಟ ಎಂದು ಅದರ ಹಳೆಯ ಅರ್ಥ. ಕನ್ನಡವೂ ಅದೇ ದಾರಿ ಹಿಡಿದಿದೆ. ಸೋಗು ಎಂದರೆ ಮೊದಲು ವೇಷ, ಆಮೇಲೆ ಮೋಸ; ಸೋಗು ಹಾಕುವವನು ಸೋಗಲಾಡಿ. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಮೂಡಲಪಾಯ ಯಕ್ಷಗಾನದಲ್ಲಿ ರಾತ್ರಿಯಿಡೀ ಕಿರೀಟ, ಭುಜಕೀರ್ತಿ ಕಟ್ಟಿ ಕೌರವನಾಗಿ ಗರ್ಜಿಸಿದ ರೈತ ಬೆಳಗಿನ ಜಾವ ಮುಖದ ಬಣ್ಣ ಒರೆಸಿಕೊಂಡು ಮನೆಗೆ ಹೋಗಿ ದನಕ್ಕೆ ಹುಲ್ಲು ಹಾಕುತ್ತಾನೆ. ಅವನನ್ನು ಯಾರೂ ಕಪಟಿ ಎನ್ನುವುದಿಲ್ಲ, ಏಕೆಂದರೆ ಆಟ ಮುಗಿದದ್ದು ಅವನಿಗೂ ಗೊತ್ತು, ನೋಡಿದವರಿಗೂ ಗೊತ್ತು. ಬಣ್ಣ ಒರೆಸಿಕೊಳ್ಳುವುದನ್ನೇ ಮರೆತವನು ಸುವಾರ್ತೆಯ ಕಪಟಿ.

ನಮ್ಮಲ್ಲಿ ಇಂಥವನಿಗೆ ಇನ್ನೊಂದು ಹೆಸರೂ ಇದೆ: ಆಷಾಢಭೂತಿ. ಸಂನ್ಯಾಸಿಯೊಬ್ಬನ ಶಿಷ್ಯನಾಗಿ ಸೇರಿ, ನಂಬಿಕೆ ಗಳಿಸಿ, ಅವನ ಗಂಟು ಹೊತ್ತೊಯ್ದ ಪಂಚತಂತ್ರದ ಪಾತ್ರ ಅದು. ಫ್ರಾನ್ಸಿನ ಮೊಲಿಯೇರ್ 1664ರಲ್ಲಿ ರಂಗಕ್ಕೆ ತಂದ ‘ತಾರ್ತ್ಯೂಫ್’ ಎಂಬ ಪ್ರಹಸನವನ್ನು ಕನ್ನಡಕ್ಕೆ ತಂದ ಎ.ಎನ್. ಮೂರ್ತಿರಾಯರು ನಾಟಕಕ್ಕೆ ಇಟ್ಟದ್ದೂ ಇದೇ ಹೆಸರು. ಮೂರ್ತಿರಾಯರು ಹುಟ್ಟಿದ್ದು 1900ರಲ್ಲಿ, ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ. ಅವರ ಹೆಸರಿನ ಮೊದಲಕ್ಷರವೇ ಆ ಊರು. ಮೊಲಿಯೇರನ ನಾಟಕದ ಗತಿಯೂ ಈ ವಿಷಯಕ್ಕೆ ಹೊರಗಿನದಲ್ಲ. ದೈವಭಕ್ತನ ಸೋಗಿನಲ್ಲಿ ಮನೆ ಹೊಕ್ಕು ಮನೆಯನ್ನೇ ನುಂಗಲು ಹೊರಟವನ ಕಥೆಯನ್ನು ಪ್ಯಾರಿಸಿನ ಧರ್ಮಾಧಿಕಾರಿಗಳು ಧರ್ಮದ ಮೇಲಿನ ದಾಳಿ ಎಂದೇ ಎಣಿಸಿದರು. ನಾಟಕಕ್ಕೆ ನಿಷೇಧ ಬಿತ್ತು, ಸಾರ್ವಜನಿಕ ಪ್ರದರ್ಶನಕ್ಕೆ ಪೂರ್ತಿ ಅನುಮತಿ ಸಿಕ್ಕಿದ್ದು 1669ರಲ್ಲಿ. ಕಪಟಿಯನ್ನು ಬೈದರೆ ಭಕ್ತರಿಗೆ ಏಕೆ ಸಿಟ್ಟು ಬರಬೇಕು ಎಂಬುದೇ ಮೊಲಿಯೇರನ ವಾದವಾಗಿತ್ತು.

ಮತ್ತಾಯನ 6ನೆಯ ಅಧ್ಯಾಯ ಕಪಟಕ್ಕೆ ಮೂರು ಉದಾಹರಣೆ ಕೊಡುತ್ತದೆ: ತುತ್ತೂರಿ ಊದಿಸಿ ಮಾಡುವ ದಾನ, ಬೀದಿಯ ಮೂಲೆಯಲ್ಲಿ ನಿಂತು ಮಾಡುವ ಪ್ರಾರ್ಥನೆ, ಬಾಡಿದ ಮುಖ ತೋರಿಸಿಕೊಂಡು ಮಾಡುವ ಉಪವಾಸ. ಉಪವಾಸ ಮಾಡುವವನು ಮುಖ ತೊಳೆದು ತಲೆಗೆ ಎಣ್ಣೆ ಹಚ್ಚಿಕೊಳ್ಳಲಿ, ಯಾರಿಗೂ ಗೊತ್ತಾಗದಿರಲಿ ಎಂಬುದು ಅಲ್ಲಿಯ ಸಲಹೆ. ಕಥೋಲಿಕರು ಈ ಭಾಗವನ್ನು ಓದುವುದು ಬೂದಿ ಬುಧವಾರದಂದು, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಶುರುವಾಗುವ ದಿನ. ಹಿಂದಿನ ವರ್ಷದ ಗರಿಗಳ ಭಾನುವಾರ ಮನೆಗೆ ಒಯ್ದು ದೇವರ ಪಟಕ್ಕೆ ಸಿಕ್ಕಿಸಿದ್ದ ಗರಿಗಳು ಅಷ್ಟರಲ್ಲಿ ಒಣಗಿ ಕಡ್ಡಿಯಾಗಿರುತ್ತವೆ. ಅವನ್ನು ತಂದು ಸುಟ್ಟು, ಆ ಬೂದಿಯಿಂದ ಗುರುಗಳು ಒಬ್ಬೊಬ್ಬರ ಹಣೆಗೂ ಶಿಲುಬೆ ಎಳೆಯುತ್ತಾರೆ. ಉಪವಾಸದ ಗುರುತನ್ನು ಮುಖದ ಮೇಲೆ ತೋರಿಸಬೇಡಿ ಎಂದು ಈಗಷ್ಟೇ ಕೇಳಿಸಿಕೊಂಡವರು ಹಣೆಯ ತುಂಬ ಬೂದಿ ಹಚ್ಚಿಕೊಂಡು ಬಸ್ಸು ಹತ್ತುತ್ತಾರೆ. ಈ ವಿರೋಧಾಭಾಸ ಗುರುಗಳಿಗೂ ಗೊತ್ತು, ಆ ದಿನದ ಪ್ರಸಂಗದಲ್ಲಿ ಅವರೇ ಅದನ್ನು ಎತ್ತಿ ಆಡುವುದುಂಟು.

ಶ್ರೀರಂಗಪಟ್ಟಣದ ಮಟ್ಟಿಗೆ ಬೂದಿ ಬುಧವಾರಕ್ಕೆ ಇನ್ನೊಂದು ನೆನಪು ಅಂಟಿದೆ. 1784ರ ಫೆಬ್ರವರಿ ಕೊನೆಯಲ್ಲಿ, ಅದೇ ದಿನದ ಆಸುಪಾಸಿನಲ್ಲಿ, ಕರಾವಳಿಯ ಕ್ರೈಸ್ತರನ್ನು ಟಿಪ್ಪುವಿನ ಸೈನಿಕರು ಸೆರೆಹಿಡಿದರೆಂದು ಮಂಗಳೂರಿನ ಕ್ರೈಸ್ತರ ಪರಂಪರೆ ಹೇಳುತ್ತದೆ. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬುದು ಅವರ ಮೇಲಿದ್ದ ಆರೋಪ. ಕೆಲವರು ಮಾಡಿದ್ದಕ್ಕೆ ಇಡೀ ಸಮುದಾಯವೇ ಹೊಣೆಯಾಯಿತು. ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿ ತಂದವರ ಸಂಖ್ಯೆ ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಒಂದೊಂದು ಬರಹದಲ್ಲಿ ಒಂದೊಂದು ರೀತಿ ಸಿಗುತ್ತದೆ. ದಾರಿಯಲ್ಲಿ ಸತ್ತವರು ಸತ್ತರು. ಉಳಿದವರಲ್ಲಿ ಬಹಳ ಮಂದಿಗೆ ಬಲವಂತದ ಸುನ್ನತಿಯಾಯಿತು, ಗಂಡಸರು ಸೈನ್ಯದ ಪಡೆಗಳಿಗೆ ಹಂಚಿಹೋದರು. ಸೆರೆ ಬಿಚ್ಚಿದ್ದು ಹದಿನೈದು ವರ್ಷದ ಮೇಲೆ, 1799ರ ಮೇ 4ರಂದು ಕೋಟೆ ಬಿದ್ದಾಗ. ಅದೇ ಕಾಲದಲ್ಲಿ ಅಲ್ಲಿಂದ ಕೆಲವೇ ಮೈಲಿ ದೂರದ ಹಿರೋಡೆಯಲ್ಲಿ, ಅಂದರೆ ಇಂದಿನ ಪಾಂಡವಪುರದಲ್ಲಿ, ಹೈದರ್ ಮತ್ತು ಟಿಪ್ಪುವಿನ ಸಂಬಳ ತಿನ್ನುತ್ತಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರು. ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದದ್ದು ಅವರಿಂದಲೇ. ಒಂದೇ ಮತದವರಿಗೆ ಒಂದೇ ಅರಸನ ಕೈಯಲ್ಲಿ ಎರಡು ಕೊಳಗ.

ಕೋಟೆ ಬಿದ್ದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದ ಪಾದ್ರಿಯೇ ಜ್ಯಾನ್ ಆಂಟ್ವಾನ್ ದುಬ್ವಾ. ಇತಿಹಾಸದ ಪುಸ್ತಕಗಳಲ್ಲಿ ಅಬ್ಬೆ ದುಬ್ವಾ ಅಥವಾ ಅಬ್ಬೆ ದುಬಾಯ್, ಸುತ್ತಲಿನ ಹಳ್ಳಿಗಳವರ ಬಾಯಲ್ಲಿ ದೊಡ್ಡಸ್ವಾಮಿಯೋರು. ಫ್ರಾನ್ಸಿನ ಆರ್ದೆಶ್ ಸೀಮೆಯ ಸೇಂಟ್ ರೆಮೇಸ್‌ನಲ್ಲಿ ಹುಟ್ಟಿ, 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಪ್ಯಾರಿಸಿನ ವಿದೇಶ ಮಿಷನ್ ಸಂಸ್ಥೆಯಿಂದ ಭಾರತಕ್ಕೆ ಹೊರಟವರು. ಶ್ರೀರಂಗಪಟ್ಟಣದ ಗಂಜಾಮಿನ ಚರ್ಚು ಇಂದಿಗೂ ಅವರ ಹೆಸರಿನಿಂದಲೇ ಗುರುತಾಗಿದೆ. ಸಿಡುಬಿನ ದೇವಿ ಹಾಕುವ ಕೆಲಸಕ್ಕೆ ಇಳಿದು 1803–04ರಲ್ಲಿ 25,432 ಜನಕ್ಕೆ ಹಾಕಿಸಿದ ಲೆಕ್ಕ ಅವರದು. ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ನೆಲೆ ಇಲ್ಲದ ಕ್ರೈಸ್ತ ಕುಟುಂಬಗಳಿಗೆ ಬೇಸಾಯದ ಊರು ಕಟ್ಟಿಕೊಟ್ಟರು. ಇಲ್ಲಿಯವರಂತೆಯೇ ಉಟ್ಟು, ಇಲ್ಲಿಯವರಂತೆಯೇ ಉಂಡು ಬದುಕಿದವರು. ಹೀಗಿದ್ದ ದುಬ್ವಾ ತೀರ್ಪು ಕೊಡುವ ವಿಷಯದಲ್ಲಿ ಮಾತ್ರ ಕೈ ಬಿಗಿಹಿಡಿಯಲಿಲ್ಲ.

ಸೆರೆಯಿಂದ ಬಿಡುಗಡೆಯಾದವರಲ್ಲಿ ಸುಮಾರು ಎರಡು ಸಾವಿರ ಮಂದಿ ದುಬ್ವಾ ಅವರ ಬಳಿ ಬಂದು ಮತ್ತೆ ಕ್ರೈಸ್ತ ಸಭೆಗೆ ಸೇರಿದರು. ತಾವು ಬದಲಾದದ್ದು ಮೇಲುಮೇಲಿಗೆ, ಒಳಗೆ ನಂಬಿಕೆ ಹಾಗೇ ಇತ್ತು ಎಂಬುದು ಅವರ ಅಹವಾಲು. ದುಬ್ವಾ ಸೇರಿಸಿಕೊಂಡರು. ಆದರೆ ಕ್ಷಮಿಸಿದಂತೆ ಕಾಣಲಿಲ್ಲ. 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ, ಭಾರತದ ಕ್ರೈಸ್ತ ಮತದ ಸ್ಥಿತಿಗತಿ ಕುರಿತ ಪತ್ರಗಳಲ್ಲಿ ಆ ಪ್ರಸಂಗವನ್ನು ನೆನೆದು, ಅರವತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ ಒಬ್ಬನಾದರೂ ಪ್ರಾಣ ಕೊಟ್ಟು ಸಾಕ್ಷಿ ನಿಲ್ಲಲಿಲ್ಲವಲ್ಲ ಎಂದು ಹೀಯಾಳಿಸಿದರು. ಕ್ರೈಸ್ತ ಇತಿಹಾಸದಲ್ಲೇ ಇಂಥ ಹೇಡಿತನ ಇನ್ನೊಂದಿಲ್ಲ, ಮತ್ತೆ ಇಂಥ ಕಷ್ಟ ಬಂದರೆ ಇವರು ಮತ್ತೆ ಹೀಗೇ ಮಾಡುತ್ತಾರೆ ಎಂಬುದು ಅವರ ಅಭಿಪ್ರಾಯ.

ಇನ್ನೊಂದಿಲ್ಲ ಎಂಬುದು ಸರಿಯಲ್ಲ. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೇಸಿಯಸ್ ಎಲ್ಲರೂ ರಾಜ್ಯದ ದೇವತೆಗಳಿಗೆ ಬಲಿ ಅರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದಾಗ ಕಾರ್ಥೇಜಿನ ಕ್ರೈಸ್ತರು ಗುಂಪುಗುಂಪಾಗಿ ಹೋಗಿ ಧೂಪ ಹಾಕಿದರು. ಕೆಲವರು ಬಲಿ ಕೊಡದೆ ದುಡ್ಡು ಕೊಟ್ಟು ಬರೀ ಚೀಟಿ ತಂದುಕೊಂಡರು. ಗಂಡಾಂತರ ಕಳೆದ ಮೇಲೆ ಇವರನ್ನು ಏನು ಮಾಡುವುದು ಎಂಬ ಪ್ರಶ್ನೆ ಇಡೀ ಸಭೆಯನ್ನು ಸೀಳಿತು. ಜಾರಿದವರಿಗೆ ಸಭೆಯಲ್ಲಿ ಜಾಗವೇ ಇಲ್ಲವೆಂದು ರೋಮಿನ ನೊವಾಟಿಯನ್ ಹಟ ಹಿಡಿದು ಬೇರೆ ಪಂಗಡ ಕಟ್ಟಿದ. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ನಡುದಾರಿ ಹುಡುಕಿದ: ಪ್ರಾಯಶ್ಚಿತ್ತ ಮಾಡಿಸಿ, ಒಬ್ಬೊಬ್ಬರ ಸಂದರ್ಭ ವಿಚಾರಿಸಿ, ಸೇರಿಸಿಕೊಳ್ಳುವುದು. ಸಭೆ ಹಿಡಿದದ್ದು ಸಿಪ್ರಿಯನ್ನನ ದಾರಿ. ಆ ಸಿಪ್ರಿಯನ್ನನೇ 250ರಲ್ಲಿ ಊರು ಬಿಟ್ಟು ಅಡಗಿದ್ದವನು; ಅದಕ್ಕಾಗಿ ಬೈಸಿಕೊಂಡವನು; ಎಂಟು ವರ್ಷದ ನಂತರ ಇನ್ನೊಂದು ಹಿಂಸೆಯಲ್ಲಿ ತಲೆ ಕೊಟ್ಟವನು. ಡಯೊಕ್ಲೀಷಿಯನ್ನನ ಕಾಲದಲ್ಲಿ, 303ರ ನಂತರ, ಪವಿತ್ರ ಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದ ಪಾದ್ರಿಗಳ ವಿಷಯದಲ್ಲೂ ಇದೇ ಜಗಳ ಮರುಕಳಿಸಿತು. ಶುದ್ಧರ ಸಭೆ ತಮ್ಮದೊಂದೇ ಎಂದ ದೊನಾತಿಸ್ತರಿಗೆ ಬಿಷಪ್ ಅಗಸ್ಟೀನ್ ಕೊಟ್ಟ ಉತ್ತರ ಗೋಧಿ ಮತ್ತು ಕಳೆಯ ಸಾಮತಿಯದು. ಎರಡೂ ಒಂದೇ ಹೊಲದಲ್ಲಿ ಬೆಳೆಯುತ್ತವೆ, ಬೇರ್ಪಡಿಸುವ ಕೆಲಸ ಕೊಯ್ಲಿನ ಯಜಮಾನನದು. ವಿಶ್ವೇಶ್ವರಯ್ಯ ನಾಲೆ ಬಯಲಿನಲ್ಲಿ ಭತ್ತದ ಗದ್ದೆಗೆ ಕಳೆ ಕೀಳಲು ಇಳಿದವರಿಗೆ ಈ ಮಾತಿನ ಬಿಸಿ ಗೊತ್ತು. ತೆನೆ ಬರುವ ತನಕ ಭತ್ತದಂತೆಯೇ ನಿಂತಿರುವ ಹುಲ್ಲು ಅಲ್ಲೂ ಇದೆ, ಅವಸರದ ಕೈಗೆ ಪೈರೂ ಬರುತ್ತದೆ.

ದುಬ್ವಾ ಅವರಿಗೆ ಈ ಇತಿಹಾಸ ಗೊತ್ತಿರಲಿಲ್ಲ ಎನ್ನುವಂತಿಲ್ಲ, ಗುರುಮಠದಲ್ಲಿ ಕಲಿಸುವ ಪಾಠವದು. ಗೊತ್ತಿದ್ದೂ ಅವರ ಕಣ್ಣಿಗೆ ಬೀಳದೆ ಹೋದದ್ದು ಅವರದೇ ಕಥೆ. ಅವರು ಫ್ರಾನ್ಸ್ ಬಿಟ್ಟ 1792, ರಾಜ್ಯಕ್ರಾಂತಿ ಪಾದ್ರಿಗಳ ಬೆನ್ನು ಹತ್ತಿದ್ದ ವರ್ಷ. ಹೊಸ ಆಡಳಿತಕ್ಕೆ ನಿಷ್ಠೆಯ ಪ್ರಮಾಣವಚನ ತೆಗೆದುಕೊಳ್ಳದ ನೂರಾರು ಪಾದ್ರಿಗಳನ್ನು ಆ ಸೆಪ್ಟೆಂಬರಿನಲ್ಲಿ ಪ್ಯಾರಿಸಿನ ಸೆರೆಮನೆಗಳಲ್ಲಿ ಕೊಂದರು. ಅಲ್ಲೇ ಉಳಿದಿದ್ದರೆ ತನಗೂ ಗೆಳೆಯರ ಗತಿಯೇ ಆಗುತ್ತಿತ್ತು ಎಂದು ದುಬ್ವಾ ಮುಂದೆ ಹೇಳಿಕೊಂಡದ್ದುಂಟು. ದೇಶ ಬಿಟ್ಟದ್ದರಲ್ಲಿ ತಪ್ಪೇನೂ ಇಲ್ಲ. ಹಡಗು ಹತ್ತುವ ಅವಕಾಶ ಅವರಿಗಿತ್ತು. ಘಟ್ಟದ ದಾರಿಯಲ್ಲಿ ಕಾವಲಿನ ನಡುವೆ ನಡೆದು ಬಂದವರಿಗೆ ಇರಲಿಲ್ಲ. ಪ್ರಾಣ ಉಳಿಸಿಕೊಂಡವನು ಪ್ರಾಣ ಕೊಡದವರನ್ನು ಹೇಡಿಗಳೆಂದ, ಆ ಪತ್ರವನ್ನು ಇಂದು ಓದುವಾಗ ಮೊದಲು ಕಾಣುವ ತೊಲೆ ಇದೇ. ವಿಧಿಯ ಕುಚೋದ್ಯವೆಂದರೆ ಅವರು ಬಿಟ್ಟು ಬಂದ ಕ್ರಾಂತಿ ಅವರಿಗಿಂತ ಮೊದಲೇ ಶ್ರೀರಂಗಪಟ್ಟಣ ತಲುಪಿತ್ತು. 1797ರಲ್ಲಿ ಅಲ್ಲಿಯ ಫ್ರೆಂಚರು ಕ್ರಾಂತಿಯ ಕ್ಲಬ್ಬು ಕಟ್ಟಿ, ಸ್ವಾತಂತ್ರ್ಯವೃಕ್ಷ ನೆಟ್ಟು, ಟಿಪ್ಪುವನ್ನು ನಾಗರಿಕ ಟಿಪ್ಪು ಎಂದು ಕೂಗಿದರೆಂದು ಇಂಗ್ಲಿಷರು ವಶಪಡಿಸಿಕೊಂಡ ಕಾಗದಪತ್ರಗಳು ಹೇಳುತ್ತವೆ.

ಎರಡನೆಯ ತೊಲೆ ಕಾಣಲು ಇನ್ನೂ 160ಕ್ಕೂ ಹೆಚ್ಚು ವರ್ಷ ಬೇಕಾಯಿತು. ದುಬ್ವಾ ಅವರಿಗೆ ಜಗತ್ತಿನ ಹೆಸರು ತಂದದ್ದು ಹಿಂದೂಗಳ ಆಚಾರ, ವ್ಯವಹಾರ, ಸಂಸ್ಕಾರಗಳನ್ನು ಕುರಿತ ದೊಡ್ಡ ಪುಸ್ತಕ. ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೂಲಕ ಹಸ್ತಪ್ರತಿ ಮದರಾಸಿಗೆ ಹೋಯಿತು, ಗವರ್ನರ್ ವಿಲಿಯಂ ಬೆಂಟಿಂಕ್ ಮೆಚ್ಚಿದರು, ಈಸ್ಟ್ ಇಂಡಿಯಾ ಕಂಪನಿ 2,000 ಪಗೋಡ ಕೊಟ್ಟು ಕೊಂಡುಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಬಂತು, 1825ರಲ್ಲಿ ಫ್ರೆಂಚಿನಲ್ಲಿ, 1897ರಲ್ಲಿ ಹೆನ್ರಿ ಬೋಶಾಂ ಸಂಪಾದಿಸಿದ ಹೊಸ ಇಂಗ್ಲಿಷ್ ಆವೃತ್ತಿಯಾಗಿ. ಭಾರತಕ್ಕೆ ಬರುವ ಬಿಳಿಯ ಅಧಿಕಾರಿ ಓದಲೇಬೇಕಾದ ಕೈಪಿಡಿ ಎಂಬ ಸ್ಥಾನ ಅದಕ್ಕೆ ದಕ್ಕಿತು. ಪುಸ್ತಕದ ತುಂಬ ತೀರ್ಪುಗಳಿವೆ. ಪುರೋಹಿತರ ಸೋಗನ್ನು ಬಯಲು ಮಾಡುವ ಪುಟಗಳಲ್ಲಿ ಲೇಖನಿಗೆ ವಿಶೇಷ ಹುರುಪು. 1987ರಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ಒಂದು ಹಳೆಯ ಬರಹವನ್ನು ಹೊರತಂದರು. ಪುದುಚೇರಿಯಲ್ಲಿದ್ದ ಜೆಸ್ವಿತ್ ಪಾದ್ರಿ ಗ್ಯಾಸ್ತೋನ್ ಲೊರಾನ್ ಕೋರ್ದೂ ಬರೆದಿಟ್ಟದ್ದು, 1777ರ ಸುಮಾರಿನ ಪ್ರತಿ. ಪಕ್ಕಪಕ್ಕಕ್ಕೆ ಇಟ್ಟು ನೋಡಿದಾಗ ದುಬ್ವಾ ಅವರ ಪುಸ್ತಕದ ದೊಡ್ಡ ಭಾಗ ಅಲ್ಲಿಂದ ಬಂದದ್ದೆಂದು ತಿಳಿಯಿತು. ಕೋರ್ದೂ ಹೆಸರು ಮಾತ್ರ ಬಂದಿರಲಿಲ್ಲ. ಮೈಸೂರು ಸೀಮೆಯಲ್ಲಿ ಕಣ್ಣಾರೆ ಕಂಡು ಬರೆದದ್ದೂ ಪುಸ್ತಕದಲ್ಲಿದೆ, ಅದು ಸುಳ್ಳಲ್ಲ. ಆದರೆ ಸೋಗು ಬಯಲು ಮಾಡಲು ಹೊರಟ ಪುಸ್ತಕವೇ ಎರವಲು ಅಂಗಿ ತೊಟ್ಟಿತ್ತು. ಇದೇ ದುಬ್ವಾ 1826ರಲ್ಲಿ ಪ್ಯಾರಿಸಿನಲ್ಲಿ, ಆಷಾಢಭೂತಿಯ ಕಥೆ ಇರುವ ಪಂಚತಂತ್ರವನ್ನು ಫ್ರೆಂಚಿಗೆ ತಂದರು ಎಂಬುದನ್ನು ಇಲ್ಲಿ ಸೇರಿಸದಿರಲು ಮನಸ್ಸು ಬಾರದು.

ಇಷ್ಟಕ್ಕೇ ನಿಲ್ಲಿಸಿದರೆ ಈ ಬರಹವೂ ರವೆ ಹುಡುಕಿದಂತಾಗುತ್ತದೆ. ದುಬ್ವಾ ತಮ್ಮ ಮೇಲೂ ಅದೇ ಕೊಳಗ ಬಳಸಿದವರು. ಅದೇ 1823ರ ಪತ್ರಗಳಲ್ಲಿ ತಮ್ಮ ಇಪ್ಪತ್ತೈದು ವರ್ಷದ ದುಡಿಮೆಯ ಲೆಕ್ಕ ಒಪ್ಪಿಸುತ್ತಾರೆ. ಮತಕ್ಕೆ ಬಂದವರು ಒಟ್ಟು ಇನ್ನೂರು ಮುನ್ನೂರು ಮಂದಿ, ಅವರಲ್ಲೂ ಹೆಚ್ಚಿನವರು ದಿಕ್ಕಿಲ್ಲದೆ, ಮದುವೆ ಸಂಬಂಧಕ್ಕೆ, ಹೊಟ್ಟೆಪಾಡಿಗೆ ಬಂದವರು, ಮನಃಪೂರ್ವಕ ನಂಬಿ ಬಂದ ಒಬ್ಬನೂ ನೆನಪಿಗೆ ಬಾರನು ಎಂದು ಬರೆದುಕೊಂಡರು. ಮಿಷನ್ನಿನ ವರದಿಗಳಲ್ಲಿ ಸಂಖ್ಯೆ ಉಬ್ಬಿಸುವ ಕಾಲದಲ್ಲಿ ಹೀಗೆ ಬರೆಯಲು ಎದೆಗಾರಿಕೆ ಬೇಕು. ಭಾರತದಲ್ಲಿ ಕ್ರೈಸ್ತ ಮತ ಸೊರಗಲು ಇಲ್ಲಿರುವ ಯೂರೋಪಿಯನ್ನರ ನಡತೆಯೂ ಕಾರಣವೆಂದರು. ಕಳಿಸಿದ ಗುರುವರ್ಗಕ್ಕೆ, ಹಣ ಕೊಟ್ಟ ಭಕ್ತರಿಗೆ ಇದು ಹಿತವಾಗಲಿಲ್ಲ. ಪ್ರಾಟೆಸ್ಟಂಟರಂತೂ ಎದ್ದು ನಿಂತರು: ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್ಲಿ ಎಂಬ ಇಬ್ಬರು ಪಾದ್ರಿಗಳು 1824ರಲ್ಲಿ ಒಂದೊಂದು ಪುಸ್ತಕವನ್ನೇ ಉತ್ತರವಾಗಿ ಬರೆದರು.

ಅದೇ ಪತ್ರಗಳ ಪುಸ್ತಕಕ್ಕೆ ಕೊನೆಯಲ್ಲಿ ಒಂದು ಅನುಬಂಧವಿದೆ, ಹಿಂದೂ ಗಂಡಸರು ಹೆಂಗಸರಿಬ್ಬರ ಪರವಾಗಿ ಮಾಡಿದ ಸಮರ್ಥನೆ. ಪ್ರಾಟೆಸ್ಟಂಟ್ ಪಾದ್ರಿಯೊಬ್ಬ ಹಿಂದೂಗಳ, ಅದರಲ್ಲೂ ಹೆಂಗಸರ ನಡತೆಯ ಮೇಲೆ ಹೊರಿಸಿದ್ದ ಆರೋಪಗಳಿಗೆ ದುಬ್ವಾ ಅಲ್ಲಿ ಉತ್ತರ ಕೊಡುತ್ತಾರೆ. ಮೂವತ್ತು ವರ್ಷ ಇವರ ನಡುವೆ ಬಾಳಿದವನಿಗೆ ಇಂಥ ಮಾತು ಕೇಳಿ ಸುಮ್ಮನಿರಲಾಗದು ಎಂಬ ಧಾಟಿ. ಮುಖಪುಟದಲ್ಲಿ ಆ ಪಾದ್ರಿಯ ಹೆಸರಿಲ್ಲ. ರೆವರೆಂಡ್ ಎಂದು ಬರೆದು ಮುಂದೆ ಸಾಲಾಗಿ ನಾಲ್ಕು ನಕ್ಷತ್ರ ಚಿಹ್ನೆ ಅಚ್ಚುಹಾಕಿಸಿದ್ದಾರೆ. ಓದಿದವರಿಗೆ ಯಾರೆಂದು ಊಹಿಸಲು ಕಷ್ಟವಿರಲಿಲ್ಲ. ಆದರೂ ಎರಡು ಸಾವಿರ ಸೆರೆಯಾಳುಗಳಿಗೆ ದಕ್ಕದ ರಿಯಾಯಿತಿ ಒಬ್ಬ ಪಾದ್ರಿಗೆ ದಕ್ಕಿತು.

ಕಪಟದ ಪ್ರಶ್ನೆ ಈ ನಾಡಿನ ಮಿಷನ್ನಿಗೆ ದುಬ್ವಾ ಅವರಿಗಿಂತ ಒಂದೂವರೆ ಶತಮಾನ ಹಳೆಯದು. ಇಟಲಿಯ ಜೆಸ್ವಿತ್ ಲಿಯೊನಾರ್ಡೊ ಚಿನ್ನಮಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1649ರ ಸುಮಾರಿಗೆ, ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ಆರಂಭಿಸಿದರು. ಕನ್ನಡ ಕಲಿತು ವ್ಯಾಕರಣವನ್ನೂ ಧರ್ಮಬೋಧೆಯ ಪುಸ್ತಕವನ್ನೂ ಬರೆದರು. ಹತ್ತಿರದ ಪಾಲಹಳ್ಳಿ ಹಳೆಯ ಕ್ರೈಸ್ತ ನೆಲೆಗಳಲ್ಲಿ ಒಂದಾದದ್ದು ಆ ಕಾಲದ ಕೆಲಸದಿಂದ. ಚಿನ್ನಮಿ ಹಿಡಿದದ್ದು ಮದುರೆಯಲ್ಲಿ ರೊಬೆರ್ತೊ ದೆ ನೊಬಿಲಿ ಹಾಕಿಕೊಟ್ಟ ದಾರಿ: ಕಾವಿ ಬಟ್ಟೆ, ಶಾಕಾಹಾರ, ಸಂನ್ಯಾಸಿಯ ನಡೆ. ಇದು ಜನರ ಮೇಲಿನ ಗೌರವವೇ, ಇಲ್ಲ ವೇಷವೇ? ರೋಮಿನಲ್ಲೇ ನೂರು ವರ್ಷಕ್ಕೂ ಹೆಚ್ಚು ಕಾಲ ಜಗಳ ನಡೆಯಿತು. 1623ರಲ್ಲಿ ಹದಿನೈದನೆಯ ಗ್ರೆಗೊರಿ ಪೋಪರು ನೊಬಿಲಿಯ ಕ್ರಮಕ್ಕೆ ಒಪ್ಪಿಗೆ ಕೊಟ್ಟರು. ಪುದುಚೇರಿಗೆ ಬಂದ ಪೋಪರ ಪ್ರತಿನಿಧಿ ತೂರ್ನೋ 1704ರಲ್ಲಿ ಅನೇಕ ಆಚರಣೆಗಳನ್ನು ನಿಷೇಧಿಸಿದರು. 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಪೋಪರು ಆ ನಿಷೇಧವನ್ನು ಗಟ್ಟಿಮಾಡಿದರು. ಬಟ್ಟೆಯೊಂದೇ ನೋಡಿ ಇದನ್ನು ಕಪಟ ಎನ್ನಲಾಗದು, ಊರಿನವರಂತೆ ಉಟ್ಟವನು ಊರಿನವರಿಗೆ ಮೋಸ ಮಾಡಿದಂತಾಗುವುದಿಲ್ಲ. ತೊಡಕು ಬೇರೆ ಕಡೆ ಇತ್ತು. ಮೇಲ್ಜಾತಿಯವರ ಬಳಿ ಹೋಗುವ ಪಾದ್ರಿ ಕೆಳಜಾತಿಯವರ ಮನೆ ಹೊಗದೆ, ಅವರಿಗಾಗಿ ಬೇರೆ ಪಾದ್ರಿಗಳನ್ನು ಇಡಬೇಕಾಯಿತು. ಕೂರಿಸುವಾಗ ಸಿರಿವಂತನಿಗೆ ಒಳ್ಳೆಯ ಜಾಗ, ಬಡವನಿಗೆ ಕಾಲ ಬಳಿ ಜಾಗ ಕೊಡುವ ಸಭೆಯನ್ನು ಯಾಕೋಬನ ಪತ್ರದ ಎರಡನೆಯ ಅಧ್ಯಾಯ ಖಂಡಿಸುತ್ತದೆ. ದುಬ್ವಾ ಅವರಂತೂ ಜಾತಿ ವ್ಯವಸ್ಥೆಯನ್ನು ಹಿಂದೂ ಶಾಸನಕಾರರ ಅತ್ಯುತ್ತಮ ಸೃಷ್ಟಿ ಎಂದು ಹೊಗಳಿದವರು.

ಬೋಧನೆಯ ವಿವರಗಳನ್ನು ಬಿಡಿಸಿದ್ದು ನಂತರದ ದೇವಶಾಸ್ತ್ರಜ್ಞರು. ಹದಿಮೂರನೆಯ ಶತಮಾನದ ತೋಮಸ್ ಅಕ್ವಿನಾಸ್ ಬರೀ ಸಂಶಯದ ಮೇಲೆ ಕೊಡುವ ತೀರ್ಪನ್ನು ಪಾಪವೆಂದ. ಸಂಶಯವಿದ್ದಲ್ಲಿ ಒಳ್ಳೆಯ ಅರ್ಥವನ್ನೇ ಹಿಡಿಯಬೇಕು, ಅದರಿಂದ ಆಗಾಗ ಮೋಸಹೋದರೂ ಚಿಂತೆಯಿಲ್ಲ ಎಂದ. ಪ್ರಾಟೆಸ್ಟಂಟ್ ಸುಧಾರಕ ಲೂಥರ್ 1529ರ ಚಿಕ್ಕ ಪ್ರಶ್ನೋತ್ತರದಲ್ಲಿ ಸುಳ್ಳು ಸಾಕ್ಷಿ ಹೇಳಬಾರದೆಂಬ ಆಜ್ಞೆಗೆ ಬರೆದ ವಿವರಣೆ ಹೆಚ್ಚುಕಮ್ಮಿ ಇದೇ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಮೂರು ತಪ್ಪುಗಳನ್ನು ಬೇರ್ಪಡಿಸುತ್ತದೆ: ಆಧಾರವಿಲ್ಲದೆ ಒಬ್ಬನನ್ನು ಕೆಟ್ಟವನೆಂದು ಮನಸ್ಸಿನಲ್ಲೇ ತೀರ್ಮಾನಿಸುವುದು, ನಿಜವಾದ ತಪ್ಪನ್ನೇ ಕಾರಣವಿಲ್ಲದೆ ಇನ್ನೊಬ್ಬರಿಗೆ ಹೇಳುವುದು, ಇಲ್ಲದ್ದನ್ನು ಹುಟ್ಟಿಸಿ ಹೇಳುವುದು. ಮೂರನೆಯದು ತಪ್ಪೆಂದು ಎಲ್ಲರೂ ಒಪ್ಪುತ್ತಾರೆ. ಎರಡನೆಯದು ತಪ್ಪೆಂದರೆ ಹಳ್ಳಿಯಲ್ಲೂ ಪಟ್ಟಣದಲ್ಲೂ ಜನ ಹುಬ್ಬೇರಿಸುತ್ತಾರೆ, ‘ಇದ್ದದ್ದನ್ನೇ ತಾನೆ ಅಂದದ್ದು’ ಎನ್ನುತ್ತಾರೆ. ಪಾಪನಿವೇದನೆಗೆ ಹೋದವನು ತನ್ನ ಪಾಪ ಹೇಳಬೇಕೇ ಹೊರತು ಅತ್ತೆಯದೋ ದಾಯಾದಿಯದೋ ಅಲ್ಲ ಎಂದು ಗುರುಗಳು ನೆನಪಿಸಬೇಕಾಗುವುದೂ ಇದೇ ಕಾರಣಕ್ಕೆ.

ಐಗುಪ್ತದ ಮರುಭೂಮಿಯ ಸಂನ್ಯಾಸಿಗಳಿಗೆ ಇಷ್ಟು ವಿಂಗಡಣೆ ಬೇಕಾಗಲಿಲ್ಲ. ನಾಲ್ಕನೆಯ ಶತಮಾನದಲ್ಲಿ ಸ್ಕೇತಿಸ್ ಎಂಬಲ್ಲಿ ತಪ್ಪು ಮಾಡಿದ ಸೋದರನೊಬ್ಬನನ್ನು ವಿಚಾರಿಸಲು ಸಭೆ ಸೇರಿತಂತೆ. ಹಿಂದೆ ದರೋಡೆಕೋರನಾಗಿದ್ದ ಕರಿಯ ಮೋಶೆ ಎಂಬ ಹಿರಿಯನಿಗೆ ಕರೆ ಹೋಯಿತು. ಅವನು ಬಂದದ್ದು ಬೆನ್ನ ಮೇಲೆ ಮರಳು ತುಂಬಿದ ತೂತು ಬುಟ್ಟಿ ಹೊತ್ತು. ಏನಿದು ಎಂದು ಕೇಳಿದವರಿಗೆ, ತನ್ನ ಪಾಪಗಳು ಹಿಂದೆ ಸೋರುತ್ತಿವೆ, ತನಗೆ ಕಾಣುತ್ತಿಲ್ಲ, ಇನ್ನೊಬ್ಬನ ತಪ್ಪು ವಿಚಾರಿಸಲು ಬಂದಿದ್ದೇನೆ ಎಂದನಂತೆ. ಸಭೆ ಅಲ್ಲಿಗೇ ಮುಗಿಯಿತು.

ದುಬ್ವಾ 1823ರ ಜನವರಿಯಲ್ಲಿ ಕಂಪನಿಯ ಪಿಂಚಣಿಯೊಂದಿಗೆ ಭಾರತ ಬಿಟ್ಟರು, ಮತ್ತೆ ಬರಲಿಲ್ಲ. ಇಲ್ಲಿ ಮತಪ್ರಚಾರ ಸಾಧ್ಯವೇ ಇಲ್ಲವೆಂದು ಬರೆದ ಅವರು 1836ರಿಂದ 1839ರವರೆಗೆ ಪ್ಯಾರಿಸಿನಲ್ಲಿ, ಮತಪ್ರಚಾರಕರನ್ನು ತಯಾರು ಮಾಡುವ ವಿದೇಶ ಮಿಷನ್ ಸಂಸ್ಥೆಯ ಗುರುಮಠದ ಮುಖ್ಯಸ್ಥರಾಗಿದ್ದರು. 1848ರ ಫೆಬ್ರವರಿಯಲ್ಲಿ, ಅಲ್ಲಿ ಇನ್ನೊಂದು ಕ್ರಾಂತಿ ಏಳುವ ವಾರಕ್ಕೆ ಮೊದಲು, ತೀರಿಕೊಂಡರು. ಮತ್ತೆ ಜಾರುತ್ತಾರೆಂದು ಅವರು ಬರೆದ ಜನರಲ್ಲಿ ಸುಮಾರು ಇಪ್ಪತ್ತು ಸಾವಿರ ಮಂದಿ ಆ ವೇಳೆಗಾಗಲೇ ಮಂಗಳೂರಿಗೆ ಮರಳಿ ನೆಲಸಮವಾಗಿದ್ದ ಚರ್ಚುಗಳನ್ನು ಕಟ್ಟಿಕೊಂಡಿದ್ದರು. ಮಿಲಾಗ್ರಿಸ್ ಚರ್ಚು 1811ರಲ್ಲೇ ಎದ್ದಿತ್ತು. ಉಳಿಯದು ಎಂದ ಮೈಸೂರಿನ ಸಭೆಗೆ 1850ರಲ್ಲಿ ಸ್ವಂತ ವಿಕಾರಿಯತ್ತು, ಅಂದರೆ ಪೋಪರ ಪ್ರತಿನಿಧಿಯ ಆಡಳಿತ ಪ್ರಾಂತ, ಬಂತು. 2010ರಲ್ಲಿ ಕೇರಳ ಮೂಲದ ಸಿರೋ ಮಲಬಾರ್ ಕಥೋಲಿಕರು ಮಂಡ್ಯದ ಹೆಸರಿನಲ್ಲೇ ಒಂದು ಧರ್ಮಪ್ರಾಂತವನ್ನು ಸ್ಥಾಪಿಸಿದರು.